ಮೊದಲು ಕಂಡವರು

ಗುಬ್ಬಿಯ ಪೇಟೆ ಬೀದಿಯ ಹಿಂದಿದ್ದ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿಗೆ ಅಲಮೇಲಮ್ಮ ಬಂದದ್ದು ವಿಜ್ಞಾನದ ಪಾಠಕ್ಕೆ. ಊರು ಅವರಿಗೆ ಇಟ್ಟ ಹೆಸರು ಮಾತ್ರ ‘ಉಗುರು ಮೇಡಮ್ಮು’. ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಯುವುದೇ ತಡ, ಸಾಲಿನ ಈ ತುದಿಯಿಂದ ಆ ತುದಿಗೆ ನಡೆದು ಒಬ್ಬೊಬ್ಬ ಹುಡುಗಿಯ ಕೈಯನ್ನೂ ತಿರುಗಿಸಿ ನೋಡುತ್ತಿದ್ದರು. ಉಗುರು ಬೆಳೆಸಿಕೊಂಡು ಬಂದವಳಿಗೆ ಬೈಗುಳವಿಲ್ಲ, ಏಟಿಲ್ಲ. ಅಲ್ಲೇ ನಿಲ್ಲಿಸಿ ಪುಟ್ಟ ಕತ್ತರಿಯಿಂದ ತಾವೇ ಕತ್ತರಿಸುತ್ತಿದ್ದರು. ಎಲ್ಲರೆದುರು ಕೂಸಿಗೆ ಕತ್ತರಿಸಿದ ಹಾಗೆ ಕತ್ತರಿಸಿದರೆ ಯಾವ ಹುಡುಗಿಗೆ ತಾನೇ ನಾಚಿಕೆಯಾಗುವುದಿಲ್ಲ? ಮುಂದಿನ ಸೋಮವಾರ ಅವಳು ಮನೆಯಲ್ಲೇ ಕತ್ತರಿಸಿಕೊಂಡು ಬರುತ್ತಿದ್ದಳು. ಅದಕ್ಕೆ ಅಲಮೇಲಮ್ಮನಿಗೆ ಸಂತೋಷವಾಗಬೇಕಿತ್ತು. ನಿಜ ಹೇಳಬೇಕೆಂದರೆ, ಸಾಲಿನಲ್ಲಿ ಎಲ್ಲರ ಉಗುರೂ ಚೊಕ್ಕಟವಾಗಿದ್ದ ದಿನ ಅವರಿಗೆ ಒಳಗೊಳಗೇ ಬೇಸರವಾಗುತ್ತಿತ್ತು. ವಾರಕ್ಕೊಮ್ಮೆ ಹಿಡಿಯಲು ಸಿಗುತ್ತಿದ್ದ ಕೈಗಳು ಅವು. ಬೇರೆ ಯಾರ ಕೈಯನ್ನೂ ಅವರು ಹಿಡಿಯುವಂತಿರಲಿಲ್ಲ.

ಅವರು ಕುಣಿಗಲ್ಲಿನವರು. ಹದಿನೈದಕ್ಕೆ ಮದುವೆಯಾಗಿ ಹದಿನೇಳಕ್ಕೆ ಅದು ಮುಗಿದೂ ಹೋಗಿತ್ತು. ಗಂಡ ವಿಷಮಶೀತ ಜ್ವರದಲ್ಲಿ ತೀರಿಕೊಂಡ. ಅತ್ತೆ ಮನೆಯವರು ಸೊಸೆಯ ಕಾಲ್ಗುಣ ಎಂದರು, ತವರಿಗೆ ಕಳಿಸಿ ಕೈತೊಳೆದುಕೊಂಡರು. ತಂದೆ ಗಟ್ಟಿ ಮನುಷ್ಯ. ಮಗಳ ತಲೆಗೂದಲಿಗೆ ಕೈ ಹಾಕಲು ಬಂದವರನ್ನು ಬಾಗಿಲಿಂದಲೇ ಓಡಿಸಿದರು, ನೆಂಟರಿಷ್ಟರು ಮೂಗು ಮುರಿದರೂ ಲೆಕ್ಕಿಸದೆ ಓದಿಸಿದರು. ತುಮಕೂರಿನ ಟ್ರೈನಿಂಗ್ ಸ್ಕೂಲಿನಲ್ಲಿದ್ದಾಗ ಆರೋಗ್ಯಶಾಸ್ತ್ರದ ಪುಸ್ತಕದಲ್ಲಿ ವಿಷಮಶೀತ ಜ್ವರದ ಪಾಠ ಬಂತು. ಕೊಳೆ ಸೇರಿದ ನೀರಿನಿಂದ ಬರುವ ರೋಗ ಎಂದು ಅಲ್ಲಿ ಬರೆದಿತ್ತು. ಕಾಲ್ಗುಣವಲ್ಲ, ನೀರು. ಅಲಮೇಲಮ್ಮ ಪುಸ್ತಕ ಮುಚ್ಚಿಟ್ಟು ಹಾಸ್ಟೆಲಿನ ಹಿತ್ತಲಿಗೆ ಹೋಗಿ, ಒಗೆಯುವ ಕಲ್ಲಿನ ಮೇಲೆ ಕೂತು ಮನಸಾರೆ ಅತ್ತರು. ಗಂಡನಿಗಾಗಿ ಅಷ್ಟು ಅತ್ತಿರಲಿಲ್ಲ. ಯಾರಾದರೂ ಆ ಮನೆಯವರಿಗೆ ನೀರು ಕುದಿಸಿ ಕುಡಿಯಿರಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ ಎಂದು ಅತ್ತರು.

ಆ ಒಂದು ಮಾತನ್ನು ಅವರು ಮುಂದೆ ಜೀವನವಿಡೀ ಹೇಳಿದರು. ನೀರು ಕುದಿಸಿ. ಕಜ್ಜಿ ಎದ್ದರೆ ಮುಚ್ಚಿಡಬೇಡಿ, ಗಂಧಕದ ಮುಲಾಮು ಹಚ್ಚಿ. ಹೊಟ್ಟೆಯಲ್ಲಿ ಹುಳುವಿದ್ದರೆ ದೃಷ್ಟಿ ತೆಗೆಸಿ ಪ್ರಯೋಜನವಿಲ್ಲ, ಆಸ್ಪತ್ರೆಗೆ ಹೋಗಿ ಮಾತ್ರೆ ತನ್ನಿ. ಸರ್ಕಾರದ ಪುಸ್ತಕದಲ್ಲಿ ಇವೆಲ್ಲ ಎರಡು ಪುಟದಲ್ಲಿ ಮುಗಿಯುತ್ತಿದ್ದವು. ಅಲಮೇಲಮ್ಮನ ಕ್ಲಾಸಿನಲ್ಲಿ ವರ್ಷವಿಡೀ ನಡೆಯುತ್ತಿದ್ದವು. ಮಕ್ಕಳು ಮನೆಗೆ ಹೋಗಿ ‘ಅಮ್ಮಾ, ಈ ನೀರು ಕುದ್ದಿದೆಯಾ?’ ಎಂದು ಕೇಳಿ ಬೆನ್ನಿಗೆ ಗುದ್ದು ತಿಂದು ಬಂದರೂ, ಮಾರನೆಯ ದಿನ ಮತ್ತೆ ಕೇಳುವಂತೆ ಹುರಿದುಂಬಿಸುತ್ತಿದ್ದರು.

ಅದುವರೆಗೆ ಊರಿಗೂ ಅವರಿಗೂ ಜಗಳವಿರಲಿಲ್ಲ. ಜಗಳ ಶುರುವಾದದ್ದು ಎಪ್ಪತ್ತೊಂದರಲ್ಲಿ, ಏಳನೇ ಕ್ಲಾಸಿನ ಹುಡುಗಿಯರಿಗೆ ಅವರು ತಿಂಗಳ ಮುಟ್ಟಿನ ಪಾಠ ಹೇಳತೊಡಗಿದಾಗ. ವರ್ಷ ವರ್ಷವೂ ಅವರು ಒಂದೇ ಸಂಗತಿ ನೋಡುತ್ತ ಬಂದಿದ್ದರು. ಚುರುಕಾಗಿದ್ದ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಸ್ಕೂಲಿಗೆ ಬರುವುದು ನಿಲ್ಲಿಸುವಳು. ವಿಚಾರಿಸಿದರೆ, ‘ದೊಡ್ಡೋಳಾದ್ಲು ಬುಡಿ ಮೇಡಮ್ಮೋರೆ’ ಎಂಬ ಉತ್ತರ. ಏನಾಯಿತೆಂದು ತಿಳಿಯದೆ, ಒಳಗೆಲ್ಲೋ ಗಾಯವಾಗಿ ಸಾಯುತ್ತೇನೆಂದು ಅಟ್ಟದ ಮೇಲೆ ಅಡಗಿ ಕೂತ ಹುಡುಗಿಯನ್ನು ಅವರು ಕಂಡಿದ್ದರು. ಒಗೆದ ಬಟ್ಟೆಯನ್ನು ಬಿಸಿಲಿಗೆ ಹಾಕಲು ನಾಚಿ, ಕತ್ತಲೆ ಮೂಲೆಯಲ್ಲಿ ಹಸಿಹಸಿಯಾಗಿ ಮಡಚಿಟ್ಟು ಅದನ್ನೇ ಮತ್ತೆ ಬಳಸಿ, ಹುಣ್ಣು ಮಾಡಿಕೊಂಡು ಒದ್ದಾಡಿದವರನ್ನೂ ಕಂಡಿದ್ದರು. ಆದದ್ದರಿಂದ ಒಂದು ಶನಿವಾರ ಕಿಟಕಿಗಳನ್ನೆಲ್ಲ ಮುಚ್ಚಿಸಿ, ಆಯಾ ರಹಿಮಾ ಬೀಯನ್ನು ಬಾಗಿಲಿಗೆ ಕಾವಲು ಕೂರಿಸಿ, ಪಾಠ ಹೇಳಿದರು.

“ಇದು ಕಾಯಿಲೆ ಅಲ್ಲ, ಶಾಪ ಅಲ್ಲ. ಹೆದರೋದು ಏನೂ ಇಲ್ಲ. ಹಳೇ ಹತ್ತಿ ಬಟ್ಟೆ ತಗೊಳ್ಳಿ, ಚೆನ್ನಾಗಿ ಒಗೀರಿ, ಬಿಸಿಲಲ್ಲಿ ಒಣಗಿಸಿ. ಬಿಸಿಲಿಗಿಂತ ದೊಡ್ಡ ಔಷಧಿ ಇಲ್ಲ. ನಾಚ್ಕೊಂಡು ಮೂಲೇಲಿ ಬಚ್ಚಿಡಬೇಡಿ. ಏನೇ ಆದ್ರೂ, ಯಾವ ಹೊತ್ತಲ್ಲಾದ್ರೂ, ನನ್ನ ಹತ್ರ ಬನ್ನಿ.”

ಬಂದಳು ಒಬ್ಬಳು. ಬಟ್ಟೆ ಅಂಗಡಿ ಶಿವರಾಮಯ್ಯನ ಮಗಳು. ಒಂದು ಮಧ್ಯಾಹ್ನ ಹೊಟ್ಟೆ ಹಿಡಿದುಕೊಂಡು, ಆದರೆ ಅಳದೆ, ನೇರವಾಗಿ ಅಲಮೇಲಮ್ಮನ ಕೋಣೆಗೆ ಬಂದು, “ಮಿಸ್, ನೀವು ಹೇಳಿದ್ದು ಬಂತು ಅನ್ಸುತ್ತೆ” ಎಂದಳು. ಅಲಮೇಲಮ್ಮ ಅವಳನ್ನು ಕೂರಿಸಿಕೊಂಡು, ತಲೆ ಸವರಿ, ಬಿಸಿ ಕಾಫಿ ತರಿಸಿಕೊಟ್ಟು, ಏನು ಮಾಡಬೇಕೋ ತೋರಿಸಿಕೊಟ್ಟರು. ಹುಡುಗಿ ನಗುತ್ತ ಮನೆಗೆ ಹೋದಳು. ಆ ಸಂಜೆ ಅಲಮೇಲಮ್ಮ ತಮ್ಮ ವಠಾರದ ಒಂಟಿ ಕೋಣೆಯಲ್ಲಿ ಒಬ್ಬರೇ ಹಾಡಿಕೊಂಡು ಅಡಿಗೆ ಮಾಡಿದರು.

ಮಾರನೆಯ ದಿನ ಶಿವರಾಮಯ್ಯನ ಹೆಂಡತಿ ಓಬಳಮ್ಮ ಸ್ಕೂಲಿಗೆ ಬಂದು ರಂಪ ಮಾಡಿದಳು. ಆಗಿನ ಕಾಲಕ್ಕೆ ಹುಡುಗಿ ದೊಡ್ಡವಳಾದರೆ ಮನೆಯವರು ಕೇಳುತ್ತಿದ್ದುದು ಮೂರು ಮಾತು. ಯಾವ ಹೊತ್ತು, ಉಟ್ಟ ಬಟ್ಟೆಯ ಬಣ್ಣ ಯಾವುದು, ಮೊದಲು ಕಂಡವರು ಯಾರು. ಜೋಯಿಸರು ಇವನ್ನು ಕೇಳಿಯೇ ಹುಡುಗಿಯ ಬಾಳು ಹೇಗೆಂದು ಹೇಳಬೇಕು. ಗಂಡ ಮಕ್ಕಳಿರುವ ಮುತ್ತೈದೆ ಮೊದಲು ಕಂಡರೆ ಹುಡುಗಿಗೂ ಅಂಥದ್ದೇ ತುಂಬಿದ ಬಾಳು. ವಿಧವೆ ಕಂಡರೆ ಅವಳ ಪಾಡೇ ಇವಳಿಗೂ.

“ಎಂಥ ಕೆಲ್ಸ ಮಾಡ್ಬುಟ್ರಿ ಮೇಡಮ್ಮೋರೆ!” ಎಂದು ಓಬಳಮ್ಮ ಎದೆ ಎದೆ ಬಡಿದುಕೊಂಡಳು. “ನನ್ ಮಗ್ಳು ಬಾಳಿ ಬದ್ಕಬೇಕಾದೋಳು. ನಿಮ್ ಕಣ್ಗೆ ಮೊದ್ಲು ಬಿದ್ದವ್ಳೆ. ನಾಳೆ ಅವಳ್ಗೇನಾದ್ರೂ ಆದ್ರೆ ನೀವ್ ಬತ್ತೀರಾ? ನಿಮ್ಗಾದ್ರೂ ಗೊತ್ತಾಗ್ಬಾರ್ದಾ, ಓದಿದೋರು?”

ಓಬಳಮ್ಮ ಕೆಟ್ಟ ಹೆಂಗಸಾಗಿದ್ದರೆ ಬೈದು ಕಳಿಸಬಹುದಿತ್ತು. ಆದರೆ ಅವಳು ನಿಜಕ್ಕೂ ಹೆದರಿದ್ದಳು, ಕಣ್ಣಲ್ಲಿ ನೀರಿತ್ತು. ಅವಳ ಮನೆಯವರು ಶಾಂತಿ ಮಾಡಿಸಿದರು, ಊರೆಲ್ಲ ಗುಲ್ಲಾಯಿತು, ಹತ್ತಾರು ತಾಯಂದಿರು ಮಕ್ಕಳನ್ನು ಬಿಡಿಸುತ್ತೇವೆ ಎಂದರು. ಹೆಡ್‌ಮಾಸ್ಟರ್ ವೆಂಕಟರಂಗಯ್ಯನವರು ಒಳ್ಳೆಯವರು, ಅಂದರೆ ಯಾರ ಕಡೆಗೂ ನಿಲ್ಲದವರು. ಕನ್ನಡಕ ಒರೆಸಿಕೊಳ್ಳುತ್ತ, “ನೋಡೀಮ್ಮಾ, ಆ ಪಾಠ ಒಂದನ್ನ ಬಿಟ್ಬಿಡಿ. ಹಲ್ಲು, ಉಗುರು, ನೊಣ, ಸೊಳ್ಳೆ ಎಷ್ಟು ಬೇಕಾದ್ರೂ ಹೇಳಿ. ನೊಣದ ವಿಷಯಕ್ಕೆ ಯಾರೂ ಜಗಳಕ್ಕೆ ಬರಲ್ಲ” ಎಂದರು.

ಅಲಮೇಲಮ್ಮ ಎರಡು ದಿನ ಯೋಚಿಸಿದರು. ಪಾಠ ಬಿಟ್ಟರೆ ಹುಡುಗಿಯರು ಮತ್ತೆ ಅಟ್ಟ ಹತ್ತುತ್ತಾರೆ. ಬಿಡದಿದ್ದರೆ ಸ್ಕೂಲೇ ಖಾಲಿಯಾಗುತ್ತದೆ. ಮೂರನೆಯ ದಿನ ಅವರೇ ಓಬಳಮ್ಮನ ಮನೆಗೆ ಹೋದರು, ಒಳಗೆ ಕಾಲಿಡದೆ ಜಗಲಿಯ ಮೇಲೆ ಕೂತು ಒಂದು ದಾರಿ ಹೇಳಿದರು. ಪಾಠ ತಾವು ಹೇಳುವುದು. ಆದರೆ ಯಾವ ಹುಡುಗಿಗೆ ಆದರೂ ಅವಳು ಮೊದಲು ಹೋಗಬೇಕಾದದ್ದು ಆಯಾ ರಹಿಮಾ ಬೀಯ ಹತ್ತಿರ. ಅವಳು ಕಂಡು, ಮಾಡಬೇಕಾದ್ದು ಮಾಡಿದ ಮೇಲೆ ತಮಗೆ ತಿಳಿಸುವುದು.

ಓಬಳಮ್ಮ ಗಲ್ಲದ ಮೇಲೆ ಬೆರಳಿಟ್ಟು ಲೆಕ್ಕ ಹಾಕಿದಳು. ರಹಿಮಾ ಬೀಯ ಗಂಡ ಇಸಾಕ್ ಸಾಬ್ ಹತ್ತಿ ಹಿಂಜಿ ಹಾಸಿಗೆ ಹೊಲಿಯುವವನು, ಕಲ್ಲುಗುಂಡಿನಂಥ ಆಳು. ಏಳು ಮಕ್ಕಳು, ಒಂದೂ ಹೋಗಿರಲಿಲ್ಲ. “ಸಾಬ್ರಾದ್ರೇನಂತೆ,” ಎಂದಳು ಕೊನೆಗೆ. “ಗಂಡ ಗಟ್ಟಿಮುಟ್ಟಾಗವ್ನೆ, ಮನೆ ತುಂಬ ಮಕ್ಳವ್ರೆ. ಅವಳ್ ಕೈಗುಣ ನಮ್ ಮಕ್ಳಿಗೂ ಬರ್ಲಿ.” ಹೀಗೆ ಗುಬ್ಬಿಯ ಜೋಯಿಸರ ಮುಂದೆಯೂ ರಹಿಮಾ ಬೀಯ ಹೆಸರು ನಡೆಯತೊಡಗಿತು. ರಹಿಮಾ ಬೀ ಇದನ್ನು ಕೇಳಿ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು.

ಪಾಠ ಉಳಿಯಿತು. ಹುಡುಗಿಯರು ಸ್ಕೂಲು ಬಿಡುವುದು ಕಡಿಮೆಯಾಯಿತು. ಊರ ಹಿತ್ತಲುಗಳಲ್ಲಿ ಬಟ್ಟೆಯ ತುಂಡುಗಳು ಬಿಸಿಲು ಕಂಡವು. ತುಮಕೂರಿನಿಂದ ಬಂದ ಇನ್‌ಸ್ಪೆಕ್ಟರಮ್ಮ ಶಹಬ್ಬಾಸ್ ಎಂದು ಬೆನ್ನು ತಟ್ಟಿದರು. ಆದರೆ ಅಭ್ಯಾಸಬಲದಿಂದ ಕೆಲವು ಹುಡುಗಿಯರು ಮೊದಲು ಇವರ ಬಾಗಿಲಿಗೇ ಬಂದುಬಿಡುತ್ತಿದ್ದರು. ಆಗ ಅಲಮೇಲಮ್ಮ ತಟ್ಟನೆ ಗೋಡೆಯ ಕಡೆ ಮುಖ ತಿರುಗಿಸಿ, “ಏನೂ ಹೇಳಬೇಡ, ರಹಿಮಾ ಬೀ ಹತ್ರ ಹೋಗು” ಎನ್ನುತ್ತಿದ್ದರು. ಪುಟ್ಟ ಪಾದಗಳು ಓಡುವ ಸದ್ದು ಕೇಳಿಸುವವರೆಗೆ ಹಾಗೆಯೇ ನಿಂತಿರುತ್ತಿದ್ದರು. ಹೇಳಿಕೊಟ್ಟವರು ಇವರು, ಧೈರ್ಯ ತುಂಬಿದವರು ಇವರು. ಆ ಧೈರ್ಯದಿಂದ ಹುಡುಗಿ ನಡೆದು ಬರುವ ಹೊತ್ತಿಗೆ ಇವರು ಗೋಡೆ ನೋಡುತ್ತಿರಬೇಕು. ಪಾಠ ಉಳಿಯಿತಲ್ಲ, ನನ್ನ ಮುಖ ಕಟ್ಟಿಕೊಂಡು ಅವರಿಗೇನಾಗಬೇಕು ಎಂದು ಅವರು ಸಮಾಧಾನ ಮಾಡಿಕೊಂಡರು. ವರ್ಷ ಕಳೆದ ಹಾಗೆ ಕುತ್ತಿಗೆ ತಾನಾಗಿಯೇ ತಿರುಗತೊಡಗಿತು.

ಹೀಗಿರುವಾಗ ಎಪ್ಪತ್ತಾರರ ಜೂನ್‌ನಲ್ಲಿ ವಕುಳ ಬಂದಳು.

ವಕುಳ, ಕುಣಿಗಲ್ಲಿನಲ್ಲಿದ್ದ ಅಲಮೇಲಮ್ಮನ ತಮ್ಮ ಯೋಗನರಸಿಂಹನ ಮಗಳು. ಹನ್ನೆರಡು ತುಂಬಿತ್ತು. ಓದಿನಲ್ಲಿ ಜಾಣೆ, ಲೆಕ್ಕ ಮಾತ್ರ ತಲೆಗೆ ಹತ್ತದು. ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯಲ್ಲಿ ಡುಮ್ಕಿ ಹೊಡೆಯುತ್ತಾಳೆಂಬ ಭಯಕ್ಕೆ, ಒಂದು ವರ್ಷ ಅಕ್ಕನ ಹತ್ತಿರ ಇರಲಿ ಎಂದು ತಮ್ಮ ತಂದು ಬಿಟ್ಟ. ತಮ್ಮನ ಹೆಂಡತಿ ಅಂಬುಜಮ್ಮನಿಗೆ ಅಷ್ಟಾಗಿ ಮನಸ್ಸಿರಲಿಲ್ಲ. ಆದರೂ ಮಗಳ ಲೆಕ್ಕದ ಮಾರ್ಕ್ಸ್ ನೋಡಿ ಸುಮ್ಮನಾದಳು.

ಒಂಟಿ ಕೋಣೆಯಲ್ಲಿ ಇಪ್ಪತ್ತು ವರ್ಷ ತಮ್ಮ ಉಸಿರಿನ ಸದ್ದನ್ನೇ ಕೇಳಿಕೊಂಡು ಮಲಗಿದ ಹೆಂಗಸಿಗೆ ಇದ್ದಕ್ಕಿದ್ದಂತೆ ಒಂದು ಮಗು ಬಂದರೆ ಹೇಗಾಗಬೇಡ? ಅಲಮೇಲಮ್ಮ ಸಂಜೆ ಸ್ಕೂಲಿಂದ ಬರುವಾಗ ಹೆಜ್ಜೆ ದೊಡ್ಡದು ಹಾಕತೊಡಗಿದರು. ಮೊದಲೆಲ್ಲ ಬೆಳಗಿನ ಸಾರನ್ನೇ ರಾತ್ರಿಗೂ ಬಿಸಿ ಮಾಡಿಕೊಳ್ಳುತ್ತಿದ್ದವರು, ಈಗ ಹುಡುಗಿಗೆ ಇಷ್ಟವೆಂದು ಅವರೆಕಾಳು ಹಿಸುಕುತ್ತ ಕೂತರು. ವಕುಳ ವಾಚಾಳಿ. ಅತ್ತೆಯ ಬೆನ್ನಿಗೆ ಬಿದ್ದು, “ಅತ್ತೆ, ನಿನಗೆ ಸೊಳ್ಳೆ ಕಂಡ್ರೆ ದ್ವೇಷವೋ ಪ್ರೀತಿಯೋ? ದಿನಾ ಅದರ ಮಾತೇ ಆಡ್ತೀಯಲ್ಲ!” ಎಂದು ರೇಗಿಸುವಳು. ಭಿನ್ನರಾಶಿ ಹೇಳಿಕೊಡಲು ಕೂತರೆ ದೋಸೆಯನ್ನು ಹರಿದು ಎಂಟನೇ ಒಂದು, ನಾಲ್ಕನೇ ಒಂದು ಎಂದು ತಿಂದೇ ಮುಗಿಸುವಳು. ಮಲಗುವಾಗ ಅತ್ತೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗುವಳು. ಅಲಮೇಲಮ್ಮ ಸೆರಗು ಬಿಡಿಸಿಕೊಳ್ಳದೆ, ಮಗ್ಗುಲು ಬದಲಿಸದೆ ಬೆಳಗು ಮಾಡುವರು. ಪರೀಕ್ಷೆ ಮುಗಿದ ಮೇಲೂ ಇವಳು ಇಲ್ಲೇ ಉಳಿಯಲಿ, ಗುಬ್ಬಿಯಲ್ಲೇ ಹೈಸ್ಕೂಲು ಓದಲಿ ಎಂದು ಅವರಿಗೆ ಆಸೆ ಹುಟ್ಟಿತು. ಜೀವನದಲ್ಲಿ ತಮಗಾಗಿ ಅವರು ಪಟ್ಟ ಆಸೆ ಇದೊಂದೇ ಇರಬೇಕು. ವಕುಳಳನ್ನೇ ಕೇಳಿದರು. “ನೀನು ಅಪ್ಪನ್ನ ಒಪ್ಪಿಸು, ನಾನಂತೂ ಹೋಗಲ್ಲ” ಎಂದಳು ಹುಡುಗಿ. ಸಂಕ್ರಾಂತಿಗೆ ಬಂದ ತಮ್ಮನೂ ಹೂಂಗುಟ್ಟಿದ.

ಶನಿವಾರದ ಪಾಠವನ್ನು ವಕುಳ ಎಲ್ಲರ ಜೊತೆ ಬೆಂಚಿನಲ್ಲಿ ಕೂತು ಕೇಳಿದಳು. ಹೆದರೋದು ಏನೂ ಇಲ್ಲ ಎಂದಾಗ ಅತ್ತೆಯನ್ನೇ ನೋಡುತ್ತ ಹೆಮ್ಮೆಯಿಂದ ತಲೆಯಾಡಿಸಿದಳು. ಮೊದಲು ರಹಿಮಾ ಬೀ ಹತ್ರ ಹೋಗಬೇಕು ಎಂಬ ಮಾತು ಮಾತ್ರ ಅವಳಿಗೆ ವಿಚಿತ್ರವೆನ್ನಿಸಿತು. ಮನೆಗೆ ಬಂದು, “ಅದ್ಯಾಕೆ ಹಾಗೆ?” ಎಂದು ಕೇಳಿದಳು.

“ಅದು ಬೇರೆಯವರ ಮಕ್ಕಳಿಗೆ. ಅವರ ಅಮ್ಮಂದಿರು ಒಪ್ಪಬೇಕಲ್ಲ.”

“ಮತ್ತೆ ನನಗೆ?”

“ನಿನಗೇನು, ನಾನೇ ಇದೀನಲ್ಲ” ಎಂದರು ಅಲಮೇಲಮ್ಮ. ಹೇಳುವಾಗ ಆ ಮಾತು ನಿಜವೇ ಆಗಿತ್ತು.

ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ವಕುಳ ಸ್ನಾನಕ್ಕೆ ಹೋಗಿದ್ದಳು. ವಠಾರದ ಆ ಮನೆಯ ಬಚ್ಚಲು ಹಿತ್ತಲಿನಲ್ಲಿ ತಗಡಿನ ಮಾಡಿನ ಕೆಳಗಿತ್ತು. ಅಲಮೇಲಮ್ಮ ಒಲೆಯ ಮುಂದಿದ್ದರು. ಬಚ್ಚಲಿನಿಂದ ದನಿ ಬಂತು.

“ಅತ್ತೆ! ಅತ್ತೆ, ಬಾ ಇಲ್ಲಿ!”

ದನಿಯಲ್ಲಿ ಹೆದರಿಕೆ ಇರಲಿಲ್ಲ. ಒಂದು ಥರದ ಸಂಭ್ರಮವೇ ಇತ್ತು. ಅಲಮೇಲಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹಿತ್ತಲಿಗೆ ಹೋದರು. ಬಚ್ಚಲ ಬಾಗಿಲು ಅರ್ಧ ತೆರೆದಿತ್ತು. “ಅತ್ತೆ, ನನಗೂ ಬಂತು ಕಣೇ” ಎಂದಳು ವಕುಳ ಒಳಗಿನಿಂದ.

ಅಲಮೇಲಮ್ಮನ ಕುತ್ತಿಗೆ ತಟ್ಟನೆ ಗೋಡೆಯ ಕಡೆ ತಿರುಗಿತು.

ಅವರಿಗೆ ಆ ಶಕುನದಲ್ಲಿ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಯಾರು ಬೇಕಾದರೂ ಆಣೆ ಮಾಡಿಸಿ ಕೇಳಲಿ, ಇರಲಿಲ್ಲ. ಆದರೆ ನಂಬದಿರುವ ಆ ಧೈರ್ಯವನ್ನು ವಕುಳಳ ಮೇಲೆ ಪ್ರಯೋಗ ಮಾಡಿ ನೋಡಲು ಅವರಿಂದಾಗಲಿಲ್ಲ. ಹದಿನೇಳನೇ ವಯಸ್ಸಿನ ತಾನು, ಗಂಡನ ಮನೆಯ ನಡುಮನೆ, ಬಳೆ ಒಡೆದ ಸದ್ದು ಎಲ್ಲವೂ ಒಟ್ಟಿಗೇ ನುಗ್ಗಿ ಬಂದವು. ಏನೋ ಒಂದು ಹೆಚ್ಚು ಕಡಿಮೆಯಾಗಿ, ನಾಳೆ ಈ ಹುಡುಗಿಯ ಹಣೆಯಲ್ಲಿ ನನ್ನದೇ ಬರೆದಿದ್ದರೆ? ಆಗ ಪುಸ್ತಕ ತೆಗೆದು ಯಾರಿಗೆ ತೋರಿಸಲಿ?

“ಒಳಗೇ ಇರು! ಈಚೆ ಬರಬೇಡ, ಯಾರನ್ನೂ ನೋಡಬೇಡ” ಎಂದರು ಗೋಡೆಗೆ. ದನಿ ತಮ್ಮದೇ ಎನ್ನಿಸಲಿಲ್ಲ. “ರಹಿಮಾ ಬೀನ ಕರ್ಕೊಂಡು ಬರ್ತೀನಿ.”

“ಅತ್ತೆ, ಯಾಕೆ? ನೀನೇ ಬಾ. ಅತ್ತೆ!”

ಅಲಮೇಲಮ್ಮ ಕಣ್ಣು ಮುಚ್ಚಿಕೊಂಡೇ ಕೈಯಿಂದ ತಡವಿ ಬಾಗಿಲನ್ನು ಎಳೆದುಕೊಂಡರು. ವಠಾರದಲ್ಲಿ ಇನ್ನೊಬ್ಬ ವಿಧವೆಯಿದ್ದಳು, ಮುದುಕಿ, ನೀರಿಗೆಂದು ಹಿತ್ತಲಿಗೆ ಬರುವವಳು. ಅವಳು ಬಾಗಿಲು ತೆಗೆದುಬಿಟ್ಟರೆ ಎಂದು ಹೊರಗಿನಿಂದ ಚಿಲಕ ಹಾಕಿದರು. ಹಾಕಿ ಓಡಿದರು.

ಇಸಾಕ್ ಸಾಬನ ಮನೆಯಲ್ಲಿ ರಹಿಮಾ ಬೀ ಇರಲಿಲ್ಲ. ಮದುವೆಗೆ ಕೊಡಬೇಕಾದ ಹಾಸಿಗೆಗಳ ಹಳೆಯ ಗೌಸು ಒಗೆಯಲು ಕೆರೆಗೆ ಹೋಗಿದ್ದಾಳೆ ಎಂದರು. ದಾರಿಯಲ್ಲಿ ಓಬಳಮ್ಮನ ಮನೆ ಸಿಕ್ಕಿತು. ಕರೆಯಲೇ ಎಂದು ನಿಂತರು, ಮಾತು ಊರೆಲ್ಲ ಆದೀತೆಂದು ಮುಂದೆ ನಡೆದರು. ಐವತ್ತರ ಹತ್ತಿರದ ಹೆಂಗಸು, ಕಾಲಿಗೆ ಚಪ್ಪಲಿಯೂ ಇಲ್ಲದೆ, ಬಿಸಿಲಿನಲ್ಲಿ ಕೆರೆಯ ಏರಿಯ ಮೇಲೆ ಓಡಿದರು. ರಹಿಮಾ ಬೀ ಬಟ್ಟೆಗಳನ್ನು ಹಿಂಡಿ ಹರವಿ ಬರುವಷ್ಟು ಹೊತ್ತು ಕೊಡಿ ಎಂದಳು. ಕಾರಣ ತಿಳಿದ ಮೇಲೆ ಎಲ್ಲ ಬಿಟ್ಟು ಎದ್ದಳು. ಇಬ್ಬರೂ ವಠಾರಕ್ಕೆ ಬರುವ ಹೊತ್ತಿಗೆ ತಗಡಿನ ಮಾಡು ಕಾದು ಹೋಗಿತ್ತು.

ಹೊರಗಿನ ಚಿಲಕ ನೋಡಿ ರಹಿಮಾ ಬೀ ನಿಂತುಬಿಟ್ಟಳು. “ಯಾ ಅಲ್ಲಾ! ಏನಮ್ಮಾ ಇದು? ಕೂಸನ್ನ ಕೂಡಾಕಿದೀರಲ್ಲ!” ಎಂದು ಗದರಿ ಚಿಲಕ ತೆಗೆದು ಒಳಗೆ ಹೋದಳು. ಅಲಮೇಲಮ್ಮ ಹಿತ್ತಲ ಗೋಡೆಯನ್ನೇ ನೋಡುತ್ತ ನಿಂತರು.

ಒಳಗೆ ಅಳುವಿನ ಸದ್ದಿರಲಿಲ್ಲ. ಬಾಗಿಲು ಬಡಿದೂ ಬಡಿದೂ ವಕುಳಳ ಅಂಗೈ ಕೆಂಪಾಗಿತ್ತು. ತನ್ನ ಲಂಗದ ಒಳಪದರ ಹರಿದು, ಮಡಚಿ, ಪಾಠದಲ್ಲಿ ಹೇಳಿದ ಹಾಗೆಯೇ ಎಲ್ಲವನ್ನೂ ತಾನೇ ಮಾಡಿಕೊಂಡು, ನೀರು ಕಾಯಿಸುವ ಹಂಡೆಯ ಕಟ್ಟೆಯ ಮೇಲೆ ಕೂತಿದ್ದಳು. ರಹಿಮಾ ಬೀಗೆ ಮಾಡಲು ಏನೂ ಉಳಿದಿರಲಿಲ್ಲ. ತಲೆ ಸವರಿ, ನೆಟಿಗೆ ಮುರಿದು, ಈಚೆಗೆ ಕರೆತಂದಳು.

ವಕುಳ ಅತ್ತೆಯ ಮುಂದೆ ಬಂದು ನಿಂತಳು. “ಹೆದರೋದು ಏನೂ ಇಲ್ಲ ಅಂತ ನೀನೇ ಹೇಳಿದ್ದೆ” ಎಂದಳು. “ಮತ್ತೆ ನೀನ್ಯಾಕೆ ಹೆದರ್ಕೊಂಡು ಓಡಿದೆ?”

ಅಲಮೇಲಮ್ಮ ನಿನಗಾಗಿ ಎನ್ನಬೇಕೆಂದುಕೊಂಡರು. ಆ ಮಾತನ್ನೇ ಅಲ್ಲವೇ ಓಬಳಮ್ಮನೂ ಹೇಳಿದ್ದು? ಅವರ ಬಾಯಿಂದ ಬಂದದ್ದು, “ಹಸಿದಿದೀಯಾ, ಬಾ, ದೋಸೆ ಹಾಕ್ತೀನಿ” ಎಂಬುದಷ್ಟೇ. ವಕುಳ ದೋಸೆ ತಿಂದಳು. ಹರಿದು ಲೆಕ್ಕ ಮಾಡಲಿಲ್ಲ. ಆ ರಾತ್ರಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ವಿಷಯ ತಿಳಿದು ಮಾರನೆಯ ದಿನವೇ ಯೋಗನರಸಿಂಹ ಬಂದು ಮಗಳನ್ನು ಕುಣಿಗಲ್ಲಿಗೆ ಕರೆದುಕೊಂಡು ಹೋದ. ವಾರ ಕಳೆದು ಆರತಿ ಇಟ್ಟುಕೊಂಡರು. ಅಲಮೇಲಮ್ಮ ತುಮಕೂರಿನಲ್ಲಿ ಬಸ್ಸು ಬದಲಿಸಿ, ಅಲ್ಲೇ ಮಂಡಿಪೇಟೆಯಲ್ಲಿ ಒಂದು ರೇಷ್ಮೆ ಲಂಗದ ಬಟ್ಟೆ ಕೊಂಡು ಹೋದರು. ಸೋದರತ್ತೆ ಅಂದರೆ ಅಂದು ಮುಂದೆ ನಿಂತು ಎಲ್ಲ ನಡೆಸಬೇಕಾದವಳು. ಅವರು ಹೋಗಿ ಅಡಿಗೆಮನೆ ಸೇರಿದರು. ಅಲ್ಲಿಗೆ ಹೋಗು ಎಂದು ಯಾರೂ ಅನ್ನಲಿಲ್ಲ, ಯಾರೂ ಹೇಳಬೇಕಾಗಿಯೂ ಇರಲಿಲ್ಲ. ಚಿಗಳಿ ಉಂಡೆಗೆ ಎಳ್ಳು ಕುಟ್ಟುತ್ತ ಕೂತರು. ನಡುಮನೆಯಲ್ಲಿ ಹಸೆಯ ಮೇಲೆ ವಕುಳ, ಸುತ್ತ ಹೆಂಗಸರು. ಅಂಬುಜಮ್ಮನ ದೊಡ್ಡಮ್ಮ ಕೇಳುವುದು ಅಡಿಗೆಮನೆಗೆ ಕೇಳಿಸಿತು.

“ಯಾವ ಹೊತ್ತಮ್ಮಾ?”

“ಬೆಳಿಗ್ಗೆ.”

“ಯಾವ ಬಣ್ಣ ಉಟ್ಟಿದ್ದೆ?”

“ಹಸಿರು ಲಂಗ.”

“ಮೊದಲು ಯಾರು ಕಂಡ್ರು?”

ಒರಳಿನಲ್ಲಿ ಅಲಮೇಲಮ್ಮನ ಕೈ ನಿಂತಿತು. ರಹಿಮಾ ಬೀ ಎಂದು ಹೇಳು ಎಂದು ಅವರು ಹುಡುಗಿಗೆ ಗುಬ್ಬಿಯಲ್ಲೇ ಹೇಳಿಕೊಟ್ಟಿದ್ದರು.

“ಯಾರೂ ಇಲ್ಲ” ಎಂದಳು ವಕುಳ. “ಕರೆದೆ. ಯಾರೂ ಬರಲಿಲ್ಲ. ನಾನೊಬ್ಬಳೇ ಇದ್ದೆ.”

ನಡುಮನೆಯಲ್ಲಿ ಸಮಾಧಾನದ ನಗು ಎದ್ದಿತು. ತನ್ನನ್ನು ತಾನೇ ಕಂಡುಕೊಂಡರೆ ಯಾವ ದೋಷವೂ ಇಲ್ಲ, ಅದಕ್ಕಿಂತ ಒಳ್ಳೆಯದು ಯಾವುದಿದೆ ಎಂದರು ದೊಡ್ಡಮ್ಮ. ಅಂಬುಜಮ್ಮ ಓಡುತ್ತ ಅಡಿಗೆಮನೆಗೆ ಬಂದಳು, ಮುಖ ಅರಳಿತ್ತು. “ಸದ್ಯ ಅತ್ತಿಗೆ! ನಿಮ್ಮ ಮನೇಲಿ ಆಯ್ತಲ್ಲ ಅಂತ ನನ್ನ ಜೀವ ಹೊಡ್ಕೊಳ್ತಿತ್ತು. ತಪ್ಪು ತಿಳ್ಕೋಬೇಡಿ. ನೀವು ನೋಡಲಿಲ್ಲ ತಾನೇ?”

“ಇಲ್ಲ” ಎಂದರು ಅಲಮೇಲಮ್ಮ. “ನೋಡಲಿಲ್ಲ.”

ಊಟದ ಮೇಲೆ ಹೊರಡುವಾಗ ವಕುಳ ಬಂದು ನಮಸ್ಕಾರ ಮಾಡಿದಳು. ಇಲ್ಲೇ ಓದಿಕೊಳ್ಳುತ್ತೇನೆ, ಪರೀಕ್ಷೆಗೆ ಮಾತ್ರ ಅಪ್ಪನ ಜೊತೆ ಗುಬ್ಬಿಗೆ ಬಂದು ಬರೆದು ಹೋಗುತ್ತೇನೆ ಎಂದಳು. ಬೇಸರದಿಂದ ಹೇಳಲಿಲ್ಲ, ಬಹಳ ಮರ್ಯಾದೆಯಿಂದ ಹೇಳಿದಳು. ಅಲಮೇಲಮ್ಮ ಹೂಂ ಎಂದರು. ಹಾಗೆಯೇ ನಡೆಯಿತು. ಲೆಕ್ಕದಲ್ಲೂ ಪಾಸಾದಳು. ಮುಂದೆ ಅವಳು ತುಮಕೂರಿನ ಕಾಲೇಜಿಗೆ ಸೇರಿ, ಕ್ಯಾತ್ಸಂದ್ರದಲ್ಲಿ ನೆಂಟರ ಮನೆಯಲ್ಲಿ ಮೂರು ವರ್ಷ ಇದ್ದಳು. ಅಲ್ಲಿಂದ ಗುಬ್ಬಿಗೆ ಬಸ್ಸಿನಲ್ಲಿ ಒಂದು ಗಂಟೆ. ಭಾನುವಾರ ಬಂದರೆ ಅಲಮೇಲಮ್ಮ ಅವರೆಕಾಳು ಹಿಸುಕಿಟ್ಟುಕೊಂಡು ಸಂಜೆಯವರೆಗೆ ನೋಡುತ್ತಿದ್ದರು. ಅವಳು ಒಮ್ಮೆಯೂ ಬರಲಿಲ್ಲ.

ಕುಣಿಗಲ್ಲಿನಿಂದ ಬಂದ ಮೊದಲ ಶನಿವಾರವೇ ಅಲಮೇಲಮ್ಮ ಪಾಠ ಬದಲಿಸಿದ್ದರು. ಎಲ್ಲ ಹೇಳಿ ಮುಗಿಸಿ, “ಇನ್ನು ಮೇಲೆ ಯಾರಿಗೇ ಆದ್ರೂ ನೇರವಾಗಿ ನನ್ನ ಹತ್ರಾನೇ ಬನ್ನಿ. ನಾನು ಮುಖ ತಿರುಗಿಸಲ್ಲ” ಎಂದರು. ಊರು ಜಗಳಕ್ಕೆ ಬರಲಿ, ಹೆಡ್‌ಮಾಸ್ಟರು ಕನ್ನಡಕ ಒರೆಸಿಕೊಳ್ಳಲಿ, ವರ್ಗವಾದರೂ ಆಗಲಿ ಎಂದು ಗಟ್ಟಿ ಮನಸ್ಸು ಮಾಡಿದ್ದರು. ಒಬ್ಬಳಾದರೂ ಬಂದರೆ ಸಾಕಿತ್ತು. ಅವಳನ್ನು ಕಣ್ತುಂಬ ನೋಡಬೇಕೆಂದಿದ್ದರು.

ಜಗಳಕ್ಕೆ ಯಾರೂ ಬರಲಿಲ್ಲ, ಏಕೆಂದರೆ ಅಲಮೇಲಮ್ಮನ ಹತ್ತಿರವೂ ಯಾರೂ ಬರಲಿಲ್ಲ. ಏಳನೇ ಕ್ಲಾಸಿನವರಿಗೆ ಅಕ್ಕಂದಿರು ಮೊದಲೇ ಹೇಳಿಕೊಟ್ಟಿರುತ್ತಿದ್ದರು. ಅವರಿಗೆ ಅವರ ಅಕ್ಕಂದಿರು. ವರ್ಷಗಳಿಂದ ಅಲಮೇಲಮ್ಮನೇ ಕಲಿಸಿದ್ದು ಅಷ್ಟು ಚೆನ್ನಾಗಿ ಬೇರೂರಿತ್ತು. ಕೋಣೆಯ ಬಾಗಿಲು ತೆರೆದಿಟ್ಟುಕೊಂಡು ಕೂತ ಅವರ ಮುಂದೆಯೇ ಹುಡುಗಿಯರು ಹಾದು ರಹಿಮಾ ಬೀಯನ್ನು ಹುಡುಕಿಕೊಂಡು ಹೋಗುತ್ತಿದ್ದರು. ಹಾದು ಹೋಗುವಾಗ, ಪಾಪ, ಮೇಡಂಗೆ ಕಾಣಿಸದಿರಲಿ ಎಂದು ಪುಸ್ತಕ ಅಡ್ಡ ಹಿಡಿದುಕೊಳ್ಳುತ್ತಿದ್ದರು.

ಎಂಬತ್ತಮೂರರಲ್ಲಿ, ಅವರ ರಿಟೈರ್‌ಮೆಂಟಿಗೆ ಇನ್ನು ಕೆಲವೇ ತಿಂಗಳಿದ್ದಾಗ, ಒಂದು ಮಧ್ಯಾಹ್ನ ಹುಡುಗಿಯೊಬ್ಬಳು ಬಾಗಿಲಲ್ಲಿ ಬಂದು ನಿಂತಳು. ಮುಖ ಬಿಳಿಚಿತ್ತು, ಒಂದು ಕೈ ಹೊಟ್ಟೆಯ ಮೇಲಿತ್ತು. ಅಲಮೇಲಮ್ಮ ಕುರ್ಚಿಯಿಂದ ಎದ್ದರು. ಕುತ್ತಿಗೆ ತಿರುಗಲಿಲ್ಲ. ನೇರ ಅವಳ ಮುಖವನ್ನೇ ನೋಡಿ, “ಬಾ ಮರಿ” ಎಂದು ಎರಡೂ ಕೈ ಚಾಚಿದರು.

ಹುಡುಗಿ ಗಾಬರಿಯಿಂದ ಒಂದು ಹೆಜ್ಜೆ ಹಿಂದೆ ಸರಿದಳು. “ರಹಿಮಾ ಬೀ ಎಲ್ಲಿ ಮಿಸ್?”

“ನನಗೇ ಹೇಳು, ಪರವಾಗಿಲ್ಲ.”

“ಅಯ್ಯೋ ಬೇಡ ಮಿಸ್. ನಿಮಗೆ ಹೇಳಬಾರದು” ಎಂದಳು ಹುಡುಗಿ. ಹಾಗೆಂದು, ತನ್ನಿಂದ ತಪ್ಪಾಗದಿರಲಿ ಎಂಬ ಮುತುವರ್ಜಿಯಿಂದ, ಪುಟ್ಟ ಮುಖವನ್ನು ತಾನೇ ಗೋಡೆಯ ಕಡೆ ತಿರುಗಿಸಿಕೊಂಡು ನಿಂತಳು.

ಅಲಮೇಲಮ್ಮ ಚಾಚಿದ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡರು. “ನಲ್ಲಿ ಹತ್ರ ಇದ್ದಾಳೆ” ಎಂದರು. “ಹೋಗು ಮರಿ, ಹೆದರ್ಕೋಬೇಡ.”